ಕ್ಯಾಲೆಂಡರಿನ ಹಿಂದಿನ ನಂಬರು

ಹೋದ ವಾರ ನನ್ನ ಫೋನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು, ಅದರ ಗಾಜು ಸೀಳುಸೀಳಾಯಿತು. ಹೊಸದು ಕೊಳ್ಳೋಣವೆಂದು ಅಂಗಡಿಗೆ ಹೋದೆ. ಅಂಗಡಿಯವರು ನನ್ನ ನರೆತ ತಲೆಯನ್ನೊಮ್ಮೆ, ಒಡೆದ ಫೋನನ್ನೊಮ್ಮೆ ನೋಡಿ, ಬಾಲವಾಡಿ ಮಗುವಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು: "ಅಮ್ಮಾ, ಬ್ಯಾಕಪ್ ಅಂದ್ರೆ ಗೊತ್ತಾ? ಹಳೇ ಫೋನಲ್ಲಿರೋದನ್ನೆಲ್ಲ ಮೊದ್ಲು ಒಂದು ಕಡೆ ಎತ್ತಿಟ್ಕೋಬೇಕು. ಆಮೇಲೆ ಹೊಸದಕ್ಕೆ ಹಾಕೋದು."

ಗೊತ್ತಾ ಅಂತೆ. ನಾನು ಬ್ಯಾಕಪ್ ತೆಗೆದದ್ದು ತೊಂಬತ್ತರ ದಶಕದಲ್ಲಿ, ಪಾಂಡವಪುರದ ನಮ್ಮ ಮನೆಯಲ್ಲಿ. ಆಗ ಅದಕ್ಕೆ ಆ ಹೆಸರಿದೆ ಎಂಬುದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ. ಒಂದು ಡೈರಿ, ಒಂದು ನೀಲಿ ಪೆನ್ನು, ಹತ್ತೊಂಬತ್ತು ವರ್ಷದ ಹುಡುಗಿಗೆ ಬೇಕಾದದ್ದಕ್ಕಿಂತ ಒಂದು ಸೇರು ಹೆಚ್ಚಾಗಿಯೇ ಇದ್ದ ಆತ್ಮವಿಶ್ವಾಸ, ಇವಿಷ್ಟೇ ನನ್ನ ಸಾಮಗ್ರಿ. ಎತ್ತಿಟ್ಟದ್ದು ಒಂದು ಗೋಡೆಯನ್ನು. ಇಡೀ ಗೋಡೆಯನ್ನು. ಒಂದೇ ಒಂದು ನಂಬರು ಬಿಟ್ಟು ಹೋಯಿತು ಅನ್ನುವುದನ್ನು ನೀವು ದೊಡ್ಡದು ಮಾಡದಿದ್ದರೆ, ಆ ಕೆಲಸ ನೂರಕ್ಕೆ ನೂರು ಸರಿಯಾಗಿತ್ತು ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ನಮ್ಮ ಅಪ್ಪ ಪುಟ್ಟಾಚಾರಿ ಮರಗೆಲಸದವನು. ಮನೆಯ ಮುಂದಿನ ಜಗಲಿಯೇ ಅವನ ಕಾರ್ಖಾನೆ. ಅಲ್ಲಿಂದ ಹೊಸ್ತಿಲು ದಾಟಿದರೆ ಹಜಾರ. ಹಜಾರದ ಬಾಗಿಲ ಪಕ್ಕದ ಗೋಡೆಗೆ ಒಂದು ಗೂಟದ ಹಲಗೆ, ಅದರ ಮೇಲೆ ಫೋನು. ಬಾಗಿಲು ಕಿಟಕಿ ಮಾಡಿಸುವವರು ಶ್ರೀರಂಗಪಟ್ಟಣದಿಂದ, ಮೈಸೂರಿನಿಂದ ವಿಚಾರಿಸುತ್ತಿದ್ದರೆಂದು ವರ್ಷಗಟ್ಟಲೆ ಕಾದು ಹಾಕಿಸಿಕೊಂಡ ಫೋನು ಅದು. ನಮ್ಮ ಬೀದಿಗೆ ಅದೇ ಮೊದಲನೆಯದು.

ಫೋನು ಬಂದ ಮೇಲೆ ನಂಬರು ಬರೆದಿಡುವುದಕ್ಕೆ ಒಂದು ಪುಸ್ತಕ ಬೇಕಲ್ಲ? ಬೇರೆಯವರ ಮನೆಯಲ್ಲಿ ಬೇಕು. ಅಪ್ಪ ಜನ್ಮದಲ್ಲಿ ಕಾಗದದ ಮೇಲೆ ಬರೆದವನಲ್ಲ. ಅಳತೆಯನ್ನು ಮರದ ಮೇಲೇ ಬರೆದುಕೊಳ್ಳುವುದು ಅವನ ರೂಢಿ. ಕಿವಿಯ ಸಂದಿಯಲ್ಲಿ ಸದಾ ಒಂದು ಚಪ್ಪಟೆ ಪೆನ್ಸಿಲು, ಅದನ್ನು ಚೂಪು ಮಾಡುವುದು ಉಳಿಯಿಂದ. ಅದೂ ಮೆಲ್ಲಗೆ ಬರೆಯುವುದಲ್ಲ. ಮರದ ಮೇಲೆ ಮೆಲ್ಲಗೆ ಗೀಚಿದ್ದು ಕೈ ತಗುಲಿದರೆ ಅಳಿಸಿಹೋಗುತ್ತದೆ. ಗೆರೆ ಮರದೊಳಕ್ಕೆ ಇಳಿಯುವ ಹಾಗೆ ಒತ್ತಬೇಕು. ಫೋನಿನ ನಂಬರನ್ನೂ ಅಪ್ಪ ಹಾಗೆಯೇ ಒತ್ತಿ ಒತ್ತಿ ಗೋಡೆಗೆ ಇಳಿಸಿದ. ನಾನೊಂದು ನೋಟುಪುಸ್ತಕ ತಂದುಕೊಟ್ಟಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕಾಗ್ದ ಕಳ್ದೋಯ್ತದೆ ಕಣಮ್ಮಿ. ಗೋಡೆ ಎದ್ದೋಯ್ತದಾ?" ಅಂದ.

ಗೋಡೆಯ ಮೇಲೆ ಒಂದಾದರೂ ಹೆಸರಿರಲಿಲ್ಲ. ಬರೀ ಅಂಕಿ. ಯಾವುದು ಯಾರದೆಂದು ಅಪ್ಪನಿಗೆ, ನೋಡಿ ನೋಡಿ ಅವ್ವನಿಗೂ, ಜಾಗದಿಂದ ಗೊತ್ತು. ಬಾಗಿಲ ಅಂಚಿಗೆ ಮರದ ಡಿಪೋ, ಅದರ ಮೇಲೆ ಗೇಣುದೂರಕ್ಕೆ ಬೀಗ ಚಿಲಕದ ಅಂಗಡಿ, ಕಣ್ಣಿನ ಮಟ್ಟಕ್ಕೆ ಕೆ.ಆರ್. ಪೇಟೆಯ ಚಿಕ್ಕಪ್ಪನ ಮನೆ. ಅವ್ವನ ತವರಿನವರೆಲ್ಲ ಸ್ವಿಚ್ಚಿನ ಕೆಳಗೆ, ಮೊಣಕಾಲಿನ ಮಟ್ಟದಲ್ಲಿ. "ನಮ್ ಕಡೆಯೋರು ಅಂದ್ರೆ ಬಗ್ಗಿ ನೋಡೋ ಜಾಗುಕ್ಕೆ ಆಕವ್ನೆ" ಎಂದು ಅವ್ವ ಬಂದವರಿಗೆಲ್ಲ ತೋರಿಸುತ್ತಿದ್ದಳು. ಬೀದಿಯವರೂ ಬಂದು ತಮ್ಮ ತಮ್ಮ ನೆಂಟರ ನಂಬರುಗಳನ್ನು ಸಿಕ್ಕಿದ ಕಡೆ ಬರೆದು ಹೋಗುತ್ತಿದ್ದರು. ಅವು ಹೆಚ್ಚಿನವು ಪಿ.ಪಿ. ನಂಬರುಗಳು. ಎಂದರೆ ಫೋನು ಇರುವುದು ಪಕ್ಕದ ಮನೆಯಲ್ಲಿ. ಅವರು ಕೂಗಿ ಕರೆಯಬೇಕು, ನಮ್ಮವರು ಎಮ್ಮೆಗೆ ಹಾಕುತ್ತಿದ್ದ ಹುಲ್ಲು ಬಿಟ್ಟು ಓಡಿ ಬರಬೇಕು, ಅಷ್ಟು ಹೊತ್ತು ನಾವು ಆ ಮನೆಯ ಕೋಳಿಗಳ ಸದ್ದು ಕೇಳುತ್ತ ನಿಂತಿರಬೇಕು.

ಒಂದು ಸಲ ಟೆಲಿಫೋನ್ ಇಲಾಖೆಯವರು ಎಲ್ಲ ನಂಬರಿನ ಮುಂದೆಯೂ ಎರಡು ಎಂಬ ಅಂಕಿ ಸೇರಿಸಿಕೊಳ್ಳಿ ಎಂದಾಗ, ಅಪ್ಪ ಸ್ಟೂಲು ಹಾಕಿಕೊಂಡು ಒಂದು ಮಧ್ಯಾಹ್ನವೆಲ್ಲ ಗೋಡೆಗೆ ಎರಡು ಬರೆದ. ಆ ಎರಡುಗಳನ್ನು ನೋಡಿದರೆ ಬಾತುಕೋಳಿಗಳ ಮೆರವಣಿಗೆ ಹೊರಟ ಹಾಗಿತ್ತು.

ಆ ಗೋಡೆಯ ನಡುಮಧ್ಯದಲ್ಲಿ ಒಂದು ಮೊಳೆ, ಮೊಳೆಗೆ ಲಕ್ಷ್ಮಿಯ ಕ್ಯಾಲೆಂಡರು. ಹಾಲಿನವರು ಬಾರದ ದಿನಕ್ಕೆ ಅವ್ವ ಅದರಲ್ಲಿ ಸೊನ್ನೆ ಸುತ್ತುತ್ತಿದ್ದಳು. ಆದರೆ ತಿಂಗಳು ಮುಗಿದಾಗ ಹಾಳೆ ಹರಿಯುವ ಹಕ್ಕು ಅಪ್ಪನದು, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಅದಕ್ಕೊಂದು ಕಾರಣವಿತ್ತು. ಅದು ನನಗೆ ತಿಳಿದದ್ದು ತಡವಾಗಿ.

ಕಾರಣ ಹೇಳಬೇಕಾದರೆ ದೊಡ್ಡಾಚಾರ್ರ ವಿಷಯಕ್ಕೆ ಬರಬೇಕು. ಅಪ್ಪ ಹತ್ತು ವರ್ಷದವನಿದ್ದಾಗ ಗೋವಿಂದನಹಳ್ಳಿಯಲ್ಲಿ ಅವರ ಮನೆ ಸೇರಿ ಕೆಲಸ ಕಲಿತವನು. ಉಂಡದ್ದು ಅಲ್ಲಿ, ಮಲಗಿದ್ದು ಅಲ್ಲಿ, ಅವರ ಮಗಳು ಜಯಮ್ಮನನ್ನು ಸೊಂಟದ ಮೇಲೆ ಹೊತ್ತು ಊರು ಸುತ್ತಿಸಿದ್ದೂ ಅಲ್ಲಿ. ದೊಡ್ಡಾಚಾರ್ರು ಮೊದಲ ವರ್ಷ ಅವನ ಕೈಗೆ ಉಳಿಯನ್ನೇ ಕೊಡಲಿಲ್ಲವಂತೆ. ತಾವು ಉಜ್ಜಿದ ಹಲಗೆಯನ್ನು ಮುಂದಿಟ್ಟು, ಕಣ್ಣು ಮುಚ್ಚಿಸಿ ಹೆಬ್ಬೆರಳಿನಿಂದ ಸವರಿಸಿ, ಎಲ್ಲಿ ಏರಿದೆ ಎಲ್ಲಿ ಇಳಿದಿದೆ ಹೇಳಿಸುತ್ತಿದ್ದರಂತೆ. ಕಣ್ಣು ಸುಳ್ಳು ಹೇಳುತ್ತದೆ, ಹೆಬ್ಬೆಟ್ಟು ಹೇಳುವುದಿಲ್ಲ ಎನ್ನುವುದು ಅವರ ಪಾಠ. ನಾನು ಮಗ್ಗಿ ಒಪ್ಪಿಸುವಾಗಲೂ ಅಪ್ಪ ಪಕ್ಕದಲ್ಲಿ ಕೂತು ಯಾವುದೋ ಕಾಲುಮಣೆಯನ್ನು ಬೆರಳಿನಿಂದ ಸವರುತ್ತಲೇ ಇರುತ್ತಿದ್ದ. ನನ್ನ ಮಗ್ಗಿಯಲ್ಲಿ ತಪ್ಪಾದರೆ ಗೊತ್ತಾಗುತ್ತಿರಲಿಲ್ಲ, ಮಣೆಯಲ್ಲಿ ತಪ್ಪಿದ್ದರೆ ಗೊತ್ತಾಗುತ್ತಿತ್ತು.

ಇಂಥ ಗುರುಶಿಷ್ಯರಿಗೆ ಜಗಳವಾದದ್ದು ಒಂದು ತಲೆಬಾಗಿಲಿನ ಮೇಲೆ. ಅಪ್ಪ ಹೊಸದಾಗಿ ಕರೆಂಟಿನ ಉಜ್ಜುವ ಮಿಶನ್ನು ತಂದಿದ್ದ. ಅದರಲ್ಲಿ ಮಾಡಿದ ಮೊದಲ ಬಾಗಿಲು ಶ್ರೀರಂಗಪಟ್ಟಣದ ಒಂದು ಹೊಸ ಮನೆಗೆ. ಅದರ ಮುಂದೆ ನಿಂತರೆ ಕರಿಘಟ್ಟದ ಬೆಟ್ಟ ಕಾಣುತ್ತಿತ್ತು. ಬಾಗಿಲು ನಿಲ್ಲಿಸುವ ಪೂಜೆಗೆ ದೊಡ್ಡಾಚಾರ್ರನ್ನು ಅಪ್ಪನೇ ಕರೆಸಿದ್ದ. ಅರಿಶಿನ ಕುಂಕುಮ ಹಚ್ಚಿ ಆಯಿತು, ಬಾಗಿಲು ಮಾಡಿದ ಆಚಾರಿಗೆ ಪಂಚೆ ಟವೆಲು ಕೊಟ್ಟು ಮರ್ಯಾದೆ ಮಾಡುವ ಹೊತ್ತು. ದೊಡ್ಡಾಚಾರ್ರು ಎದ್ದು ಬಂದು, ಬಾಗಿಲನ್ನು ಹೆಬ್ಬೆಟ್ಟಿನಿಂದ ಒಂದು ಸಲ ಸವರಿ, ಎಲ್ಲರೆದುರಿಗೆ ಹೇಳಿದರು: "ಇದ ನೀನು ಉಜ್ಜಿಲ್ಲ ಕಣ್ಲಾ ಪುಟ್ಟ. ಮಿಶನ್ನು ನೆಕ್ಕೈತೆ." ಅಪ್ಪ ಪಂಚೆ ಮುಟ್ಟದೆ ಮನೆಗೆ ಬಂದ. ಆಮೇಲೆ ಮಾತು ನಿಂತಿತು. ಜಯಮ್ಮನ ಮದುವೆಗೂ ಹೋಗಲಿಲ್ಲ. ಹೊಣಕೆರೆ ಕಡೆಯ ಯಾವುದೋ ಹಳ್ಳಿಗೆ ಕೊಟ್ಟರು ಎಂಬುದಷ್ಟೇ ನಮಗೆ ಬಂದ ಸುದ್ದಿ.

ಐದಾರು ವರ್ಷವಾದ ಮೇಲೆ ಒಂದು ದಿನ ಜಯಮ್ಮ ತಾನಾಗಿ ನಮ್ಮ ಮನೆಗೆ ಬಂದಳು. ಅಪ್ಪ ಜಗಲಿಯಲ್ಲಿ ಕೆಲಸ ಮಾಡುತ್ತಿದ್ದವನು ತಲೆ ಎತ್ತಲಿಲ್ಲ.

"ಪುಟ್ಟಣ್ಣ, ಅಪ್ಪ ಈಗ ನಮ್ಮನೇಲೇ ಅವ್ರೆ. ಕಣ್ಣು ಮಂಜಾಗ್ಬುಟ್ಟವೆ. ಗೋವಿಂದ್ನಳ್ಳಿ ಮನೆಗೆ ಬೀಗ ಆಕೀವಿ. ದಿನುಕ್ ಒಂದ್ಸಲನಾದ್ರೂ ನಿನ್ ಮಾತು ತೆಗೀತಾರೆ" ಅಂದಳು.

ಅಪ್ಪ ಮಿಶನ್ನು ಚಾಲೂ ಮಾಡಿದ. ಆ ಸದ್ದಿನಲ್ಲಿ ಯಾರ ಮಾತೂ ಕೇಳುವುದಿಲ್ಲ. ಜಯಮ್ಮ ಅವ್ವ ಕೊಟ್ಟ ಕಾಫಿ ಕುಡಿದು, ಫೋನಿನ ಹತ್ತಿರ ದಾರದಲ್ಲಿ ತೂಗುಹಾಕಿದ್ದ ಪೆನ್ಸಿಲು ತೆಗೆದುಕೊಂಡು ಗೋಡೆಗೆ ಏನೋ ಬರೆದಳು. "ನಮ್ಮೆದುರುಮನೆ ನಂಬರು ಅತ್ಗೆ. ಕೂಗುದ್ರೆ ಬತ್ತಾರೆ" ಎಂದು ಹೇಳಿ ಹೊರಟುಹೋದಳು. ಯಾವ ಊರು ಎಂದು ಕೇಳುವಷ್ಟು ಮಾತೂ ಆ ದಿನ ನಡೆಯಲಿಲ್ಲ. ನಾನು ಕಾಲೇಜಿನಿಂದ ಬಂದಾಗ ಕ್ಯಾಲೆಂಡರಿನ ಮೊಳೆ ಒಂದು ಮೊಳ ಈಚೆಗೆ ಬಂದಿತ್ತು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಆಚಾರಿ ಮನೆಯಲ್ಲಿ ಮೊಳೆ ಜಾಗ ಬದಲಾಯಿಸಿದರೆ ಯಾರು ಕೇಳುತ್ತಾರೆ?

ಇನ್ನು ಸುಣ್ಣದ ಕಥೆ. ಅದಾಗಿ ಎರಡು ವರ್ಷಕ್ಕೆ ನಮ್ಮ ಅಣ್ಣನಿಗೆ ಹೆಣ್ಣು ಕೊಡುವವರು ಭಾನುವಾರ ಮನೆ ನೋಡುವುದಕ್ಕೆ ಬರುತ್ತೇವೆಂದು ಹೇಳಿ ಕಳಿಸಿದರು. ಅವ್ವ ಹಜಾರದಲ್ಲಿ ನಿಂತು, ತಲೆಯಿಂದ ಮೊಣಕಾಲಿನವರೆಗೆ ಅಂಕಿ ಹೊತ್ತ ಗೋಡೆಯನ್ನು ಅವರ ಕಣ್ಣಿನಿಂದ ನೋಡಿದಳು. "ಇದೇನ್ ಮನೆಯಾ, ಓಸಿ ನಂಬರ್ ಕಟ್ಸೋ ಅಂಗ್ಡಿಯಾ? ಜೂಜಿನೋರು ಅನ್ಕಂಡು ಬಂದ್ ಕಾಲಲ್ಲೇ ವಾಪಸ್ ಓಯ್ತಾರೆ. ಎಣ್ಣು ಕೊಟ್ಟಂಗೇಯಾ" ಅಂದಳು. ಗುರುವಾರ ಸುಣ್ಣ ಹೊಡೆಸುವುದೆಂದು ತೀರ್ಮಾನವಾಯಿತು. ಅಪ್ಪ ಗೊಣಗಿದ. ನಂಬರುಗಳ ಜವಾಬ್ದಾರಿ ನನಗಿರಲಿ ಎಂದು ನಾನು ಮುಂದೆ ಬಂದೆ.

ಎರಡು ಮಧ್ಯಾಹ್ನ ಹಿಡಿಯಿತು. ನಾನು ಸ್ಟೂಲಿನ ಮೇಲೆ, ಅವ್ವ ಕೆಳಗೆ ಅವರೆಕಾಯಿ ಸುಲಿಯುತ್ತ. "ಇದು ಯಾರದವ್ವ?" ಎಂದರೆ, "ಅದು ಕುಳ್ಳಣ್ಣಂದು." "ಕುಳ್ಳಣ್ಣನ ಹೆಸರೇನು?" "ಕುಳ್ಳಣ್ಣ." ಡೈರಿಯಲ್ಲಿ ಅಡ್ಡಹೆಸರು ಬರೆಯುವುದು ಓದಿದವರಿಗೆ ಶೋಭೆಯಲ್ಲವೆಂದು ನಾನು ತಿಳಿದಿದ್ದೆ. ಒತ್ತಾಯ ಮಾಡಿ ಅವನ ಹೆಸರು ನಂಜುಂಡಸ್ವಾಮಿ ಎಂದು ಹೊರಡಿಸಿ, ನ ಅಕ್ಷರದ ಕೆಳಗೆ ದುಂಡಗೆ ಬರೆದೆ. ಹೀಗೆ ನಮ್ಮ ಬಂಧುಬಳಗವೆಲ್ಲ ಅಕಾರಾದಿಯಾಗಿ ಕೂತಿತು. ಆಮೇಲೆ ತನ್ನ ಸ್ವಂತ ಅಣ್ಣನನ್ನು ಹುಡುಕಲಾರದೆ ಅವ್ವ ಆ ಡೈರಿಯನ್ನು ಬೈದ ಬೈಗುಳ ಬೇರೆ ವಿಷಯ. ಕೆಲಸ ಮುಗಿದಾಗ ಒಂದೊಂದು ನಂಬರನ್ನೂ ಗೋಡೆಗೆ ಹಿಡಿದು ತಾಳೆ ನೋಡಿದೆ. ಒಂದು ಅಂಕಿ ತಪ್ಪಿರಲಿಲ್ಲ. ಕ್ಯಾಲೆಂಡರನ್ನು ಮಾತ್ರ ಎತ್ತಿ ನೋಡಲಿಲ್ಲ. ಲಕ್ಷ್ಮಿಯ ಬೆನ್ನ ಹಿಂದೆ ನಂಬರು ಇರುತ್ತದೆಂದು ಯಾರಿಗೆ ಹೊಳೆಯುತ್ತದೆ ಹೇಳಿ.

ಗುರುವಾರ ಅಪ್ಪ ಕೆಲಸದ ಮೇಲೆ ಹೊರಗೆ ಹೋಗಿದ್ದ. ಸುಣ್ಣ ಹೊಡೆಯುವವರು ಕ್ಯಾಲೆಂಡರು ತೆಗೆದು ಮಂಚದ ಮೇಲಿಟ್ಟು, ನೀಲಿ ಬೆರೆಸಿದ ಸುಣ್ಣವನ್ನು ಒಂದು ಕೈ ಹೊಡೆದು ಹೋದರು. ನಾನು ಒಳಗೆ ಅವರಿಗೆ ಟೀ ಕಾಯಿಸುತ್ತಿದ್ದೆ. ಸಾಯಂಕಾಲದ ಹೊತ್ತಿಗೆ ಗೋಡೆ ಫಳಫಳ ಅನ್ನುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವ್ವ ಕ್ಯಾಲೆಂಡರನ್ನು ಅಪ್ಪನ ಕೈಗೆ ಕೊಟ್ಟು ಸಿಕ್ಕಿಸಲು ಹೇಳಿದಳು. ಅಪ್ಪ ಮೊಳೆಯ ಹತ್ತಿರ ಹೋದವನು ಹಾಗೇ ನಿಂತುಬಿಟ್ಟ. ಕ್ಯಾಲೆಂಡರು ಕೈಯಲ್ಲೇ ಇತ್ತು.

"ಇಲ್ಲಿ ಒಂದಿತ್ತಲ್ಲಮ್ಮಿ" ಅಂದ.

"ಏನಿತ್ತಪ್ಪ?"

"ಜಯಮ್ಮ ಬರ್ದದ್ದು."

ನಾನು ಜಂಬದಿಂದಲೇ ಡೈರಿ ತೆರೆದೆ. ಜ ಅಕ್ಷರದಲ್ಲಿ ಜವರಣ್ಣನಿದ್ದ, ಜಯರಾಮಣ್ಣನಿದ್ದ. ಜಯಮ್ಮ ಇರಲಿಲ್ಲ. "ಇದರಲ್ಲಿ ಇಲ್ಲ ಅಂದ್ರೆ ಗೋಡೇಲೂ ಇರಲಿಲ್ಲಪ್ಪ" ಎಂದು ಹೇಳಿದೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಪ್ಪ ನನ್ನನ್ನು ಬೈಯಲಿಲ್ಲ. ಕ್ಯಾಲೆಂಡರನ್ನು ಮಂಚದ ಮೇಲಿಟ್ಟು ಪಕ್ಕದಲ್ಲೇ ಕೂತ.

ಅವ್ವನೇ ಕೇಳಿದಳು: "ಮಾತೇ ಬುಟ್ಟೋರ ನಂಬ್ರು ಈಗ್ಯಾಕೆ?"

"ಹೈದುಂಗೆ ಮದ್ವೆ ಮಾತು ಬತ್ತಾ ಐತೆ. ಅವ್ರಿಗೊಂದು ಮಾತು ಯೋಳ್ದೆ ಎಂಗ್ ಮಾಡೋದು?" ಎಂದ ಅಪ್ಪ. ನೆಲ ನೋಡಿಕೊಂಡು ಮತ್ತೆ ಹೇಳಿದ: "ತಿಂಗ್ಳಿಗೊಂದ್ಸಲ ಆಳೆ ಹರ್ಯೋವಾಗ ನೋಡ್ತಿದ್ದೆ. ನಂಬ್ರು ಐತಲ್ಲ, ನಾಳೆ ಮಾಡುದ್ರಾಯ್ತು ಅಂತ ಅನ್ಕತಿದ್ದೆ. ಎಲ್ಡು ವರ್ಸ ಅಂಗೇ ಅನ್ಕಂಡೆ."

ಇಷ್ಟು ಅಚ್ಚುಕಟ್ಟಾಗಿ ಎಲ್ಲರ ನಂಬರನ್ನೂ ಉಳಿಸಿ, ಅಪ್ಪನಿಗೆ ಬೇಕಾದ ಒಂದನ್ನೇ ಅಳಿಸಿಹಾಕಿದ್ದೆ. ಬೀಗ ಬಿದ್ದ ಗೋವಿಂದನಹಳ್ಳಿಯ ಮನೆಯ ಅಕ್ಕಪಕ್ಕದಲ್ಲಿ ವಿಚಾರಿಸಿದ್ದರೆ ಊರಿನ ಹೆಸರು ಸಿಗುತ್ತಿತ್ತೇನೋ. ಆದರೆ ಗುರುವಿನ ವಿಳಾಸವನ್ನು ಬೇರೆಯವರ ಬಾಯಲ್ಲಿ ಕೇಳುವುದೆಂದರೆ ಅಪ್ಪ ಸತ್ತರೂ ಒಪ್ಪುವವನಲ್ಲ. ಫೋನಿನಲ್ಲಾದರೆ ಮುಖ ತೋರಿಸದೆ ಮೊದಲ ಮಾತು ದಾಟಿಬಿಡಬಹುದು ಎಂದು ಅವನು ಲೆಕ್ಕ ಹಾಕಿಟ್ಟುಕೊಂಡಿದ್ದ. ಆ ದಾರಿಗೂ ಸುಣ್ಣ ಬಿದ್ದಿತ್ತು.

ಅಪ್ಪ ಎದ್ದು ಒಂದು ಬಟ್ಟೆಯನ್ನು ನೀರಿನಲ್ಲಿ ಅದ್ದಿ ತಂದ. ಮೊಳೆಯ ಕೆಳಗಿನ ಗೋಡೆಗೆ ಮೆಲ್ಲಗೆ ಒತ್ತಿದ. ಸುಣ್ಣ ನೆನೆದರೆ ಅದರ ಹಿಂದಿನದು ಸ್ವಲ್ಪ ತೋರುತ್ತದೆ. ಒಂದೆರಡು ಅಂಕಿಗಳ ನೆರಳು ಕಂಡಿತು, ಒಣಗುತ್ತಿದ್ದಂತೆ ಮಾಯವಾಯಿತು. ಮತ್ತೆ ನೆನೆಸಿದರೆ ಸುಣ್ಣ ಕಿತ್ತು ಬರುವ ಹಾಗಿತ್ತು. ಅಪ್ಪ ಬಟ್ಟೆ ಕೆಳಗಿಟ್ಟ. ಪಂಚೆಗೆ ಕೈ ಒರೆಸಿಕೊಂಡ. ಕಣ್ಣು ಮುಚ್ಚಿ, ಬಲಗೈ ಹೆಬ್ಬೆಟ್ಟನ್ನು ಗೋಡೆಯ ಮೇಲಿಟ್ಟ.

ಜಯಮ್ಮನೂ ಆಚಾರಿ ಮನೆಯ ಹುಡುಗಿಯೇ ಅಲ್ಲವೇ. ಅವಳೂ ಒತ್ತಿಯೇ ಬರೆದಿದ್ದಳು. ಒಂದು ಕೈ ಸುಣ್ಣಕ್ಕೆ ಆ ಗೀರುಗಳು ತುಂಬಿರಲಿಲ್ಲ. ಅಪ್ಪನ ಬೆರಳು ಗೋಡೆಯ ಮೇಲೆ ಇರುವೆಯ ಹಾಗೆ ನಿಧಾನವಾಗಿ ನಡೆಯಿತು. "ಬರ್ಕೋ ಅಮ್ಮಿ. ಎಲ್ಡು." ನಾನು ಡೈರಿ ಹಿಡಿದು ನಿಂತೆ. "ಏಳು. ಅಲ್ಲ, ಒಂದು. ಊಂ, ಒಂದೇಯ." ಅವ್ವ ಒಲೆಯ ಮೇಲಿನದನ್ನು ಮರೆತು ಬಾಗಿಲಲ್ಲಿ ನಿಂತಿದ್ದಳು. ಕೊನೆಯ ಅಂಕಿಗೆ ಬಂದು ಬೆರಳು ನಿಂತಿತು. ಮೂರೋ ಎಂಟೋ. ಅಪ್ಪ ಎಡಗಡೆಯಿಂದ ಒಂದು ಸಲ, ಬಲಗಡೆಯಿಂದ ಒಂದು ಸಲ ಸವರಿ ನೋಡಿದ. ಉಸಿರು ಬಿಟ್ಟು ಹೇಳಿದ: "ಈ ಮಗ್ಗುಲು ಮುಚ್ಚಿಲ್ಲ. ಮೂರು."

ಹೋದ ವಾರ ಆ ಫೋನಿನ ಅಂಗಡಿಯವರು ಹೇಳುತ್ತಿದ್ದರು, ಅಳಿಸಿಹೋದ ಫೋಟೊಗಳನ್ನೂ ವಾಪಸು ತರುವ ಸಾಫ್ಟ್‌ವೇರು ಬಂದಿದೆ ಎಂದು. ನಾನು ಗಂಭೀರವಾಗಿ ತಲೆಯಾಡಿಸಿದೆ. ನಾನು ನೋಡಿರುವುದನ್ನು ಅವರಿಗೆ ಹೇಗೆ ವಿವರಿಸುವುದು?

ಅಪ್ಪ ತಾನೇ ಡಯಲು ತಿರುಗಿಸಿದ. ಆ ಕಡೆ ಒಬ್ಬ ಹೆಂಗಸು ಎತ್ತಿಕೊಂಡರು. "ಎದ್ರುಮನೆ ಆಚಾರ್ರನ್ನ ಒಸಿ ಕರೀತೀರಾ ತಾಯಿ" ಎಂದು ಅಪ್ಪ ಕೇಳಿದ. ಅವರು ಕರೆಯಲು ಹೋದರು. ಕೊನೆಯ ಅಂಕಿ ಮೂರೇ ಎಂದು ನಾನು ಅವ್ವನ ಕೈ ಹಿಡಿದುಕೊಂಡೆ. ಆಮೇಲೆ ಕಾಯುವುದು. ಅಪ್ಪ ಕುರ್ಚಿಯಲ್ಲಿ ಕೂರಲಿಲ್ಲ. ಹೆಗಲ ಮೇಲಿದ್ದ ಟವೆಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ರಿಸೀವರು ಕಿವಿಗೆ ಹಿಡಿದು ನೆಟ್ಟಗೆ ನಿಂತ. ಐವತ್ತರ ಹತ್ತಿರದ ಗಂಡಸು, ಹತ್ತು ವರ್ಷದವನಂತೆ ನಿಂತಿದ್ದ.

ದೊಡ್ಡಾಚಾರ್ರು ಫೋನಿನಲ್ಲಿ ಮಾತಾಡುವಾಗ ಹೊಣಕೆರೆ ಕಡೆಯಿಂದ ಪಾಂಡವಪುರಕ್ಕೆ ನೇರವಾಗಿ ಕೇಳಿಸಬೇಕೆಂದು ಕೂಗುವವರು. ಅವರ ದನಿ ಹಜಾರಕ್ಕೆಲ್ಲ ಕೇಳುತ್ತಿತ್ತು.

"ಅಲೋ. ಯಾರು?"

"ನಾನು, ಪುಟ್ಟ."

"ಯಾವ್ ಪುಟ್ಟ?"

"ನಿಮ್ತಾವ ಕಲ್ತೋನು."

ಆ ಕಡೆ ಕೋಳಿಗಳು ಮಾತ್ರ ಕೇಳಿಸುತ್ತಿದ್ದವು. ಅಪ್ಪ ಎರಡು ವರ್ಷ ಕೂಡಿಸಿಟ್ಟುಕೊಂಡಿದ್ದ ಮಾತು ಯಾವುದೋ, ಅದು ಬರಲಿಲ್ಲ. ಬಂದದ್ದು ಇದು: "ನಂಬ್ರು ಸುಣ್ಣದ ಕೆಳಿಕ್ಕೋಗ್ಬುಟ್ಟಿತ್ತು ದೊಡ್ಡಾಚಾರ್ರೆ. ಅದ್ಕೇ ಒಸಿ ತಡ ಆಯ್ತು."

ಎರಡು ವರ್ಷದ ತಡವನ್ನು ಅಪ್ಪ ನಿನ್ನೆಯ ಸುಣ್ಣದ ಮೇಲೆ ಹಾಕಿದ್ದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮತ್ತೆಂಗ್ ಸಿಕ್ತು?" ಎಂದರು ಅವರು.

"ಎಬ್ಬೆಟ್ಟಲ್ಲಿ ಓದ್ದೆ."

"ಒಣ್ಗಿದ್ ಸುಣ್ಣದ ಮ್ಯಾಲಾ?"

"ಊಂ."

ಆಮೇಲೆ ದೊಡ್ಡಾಚಾರ್ರ ದನಿ ಬಂತು. ಈ ಸಲ ಕೂಗಲಿಲ್ಲ. ನಾನು ಹತ್ತಿರ ಹೋಗಿ ಕಿವಿಗೊಟ್ಟು ಕೇಳಬೇಕಾಯಿತು. "ಅಂಗಾರೆ ನಿನ್ ಬೆಟ್ಟು ಇನ್ನೂ ಬದ್ಕೈತೆ ಕಣ್ಲಾ. ನಾನು ಮಿಶನ್ನು ತಿಂದಾಕ್ತು ಅನ್ಕಂಡಿದ್ದೆ. ನಂಗೂ ಈಗ ಕಣ್ಣಿಲ್ಲ, ಬೆಟ್ಟೇಯ. ಯಾವಾಗ್ ಬತ್ತೀಯಾ?"

ಅಪ್ಪ ಅಳುತ್ತಿದ್ದ. ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. "ನಾಳೀಕೆ ಮೊದುಲ್ನೇ ಬಸ್ಸಿಗೆ" ಎಂದ. "ಊರ್ ಯಾವ್ದು ಯೋಳಿ."

ಅವರು ಹೇಳಿದರು. ಅಪ್ಪನ ಕೈ ತಾನಾಗಿಯೇ ಕಿವಿಯ ಸಂದಿಗೆ ಹೋಯಿತು. ಡೈರಿ ನನ್ನ ಕೈಯಲ್ಲಿ ತೆರೆದೇ ಇತ್ತು, ನಾನು ಅದನ್ನು ಮುಂದಕ್ಕೂ ಹಿಡಿದೆ. ಅಪ್ಪ ಅದನ್ನು ನೋಡಲೇ ಇಲ್ಲ. ಹಿಂದಿನ ದಿನ ತಾನೇ ಸುಣ್ಣ ಕಂಡ, ಭಾನುವಾರ ಬೀಗರಾಗುವವರು ನೋಡಬೇಕಾದ ಗೋಡೆಯ ನಡುಮಧ್ಯಕ್ಕೆ, ಮೊದಲು ಊರಿನ ಹೆಸರು, ಅದರ ಕೆಳಗೆ ನಂಬರು, ಒತ್ತಿ ಒತ್ತಿ ಬರೆದ. ಆ ಗೋಡೆಯ ಮೇಲೆ ಅಪ್ಪ ಅಕ್ಷರ ಬರೆದದ್ದು ಅದೇ ಮೊದಲು.

ಈಗ ಶುರುವಾಗುತ್ತದೆ ಎಂದು ನಾನು ಅವ್ವನ ಮುಖ ನೋಡಿದೆ. ಅವ್ವ ಗೋಡೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಮಂಚದ ಮೇಲಿದ್ದ ಕ್ಯಾಲೆಂಡರನ್ನು ಎತ್ತಿಕೊಂಡಳು.

"ಇದ ಆ ಕಡೆ ಗೋಡೆಗೆ ಆಕ್ತೀನಿ ಬುಡು" ಅಂದಳು.